ಎರಡು ಬಟ್ಟಲು, ಒಂದು ಲಾಂದ್ರ: ಮಲೆನಾಡಿನ ಒಂದು ಟ್ಯಾರೋ ಪ್ರಕರಣ

ಟ್ಯಾರೋ ಎಂಬ ಚಿತ್ರದ ಎಲೆಗಳನ್ನು ಓದುವವಳು ನಾನು. ನನ್ನ ಬಳಿಗೆ ಈ ಪ್ರಶ್ನೆ ತಂದವರು 54 ವರ್ಷದ ಹೆಂಗಸು. ತೀರ್ಥಹಳ್ಳಿ ತಾಲ್ಲೂಕಿನ ಒಳಗಿನ ಹಳ್ಳಿಯೊಂದರಲ್ಲಿ ಅಡಿಕೆ ತೋಟ, ಸ್ವಲ್ಪ ಗದ್ದೆ, ಹಳೇ ಹೆಂಚಿನ ಮನೆ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿವೆ. ಮಗಳು, ಮಗ ಇಬ್ಬರೂ ಬೆಂಗಳೂರಿನಲ್ಲಿ. ಗುರುತು ಸಿಗದಂತೆ ಅಲ್ಲಲ್ಲಿ ವಿವರ ಬದಲಿಸಿದ್ದೇನೆ. ಬರೆಯಲು ಒಪ್ಪಿಗೆ ಕೊಟ್ಟರು, ಒಂದು ಷರತ್ತು ಹಾಕಿ: "ನನ್ನ ಬಗ್ಗೆ ಪಾಪ ಅನ್ನೋ ಹಾಗೆ ಬರೀಬೇಡ ಮಾರಾಯ್ತಿ."

ಅವರನ್ನು ಇಲ್ಲಿ ಅಕ್ಕ ಎಂದೇ ಕರೆಯುತ್ತೇನೆ. ಇನ್ನೊಬ್ಬರು ಮೇಷ್ಟ್ರು. ನಿವೃತ್ತ ಹೈಸ್ಕೂಲು ಮೇಷ್ಟ್ರು, ಶಿವಮೊಗ್ಗದಲ್ಲಿ ಸ್ವಂತ ಮನೆ, ಹೆಂಡತಿ ಇಲ್ಲ. ಅಕ್ಕನ ಗಂಡನಿಗೆ ಹಳೆಯ ಗೆಳೆಯ. ಗಂಡ ಹೋದ ಮೊದಲ ವರ್ಷ ಅಡಿಕೆ ಮಂಡಿಯ ಲೆಕ್ಕ ನೋಡಿಕೊಡಲು ಬಂದವರು, ಆಮೇಲೂ ಬರುವುದನ್ನು ಬಿಟ್ಟಿರಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ದಿನ ಜಗಲಿಯಲ್ಲಿ ಕೂತು ನೇರವಾಗಿ ಕೇಳಿದರಂತೆ: ರಿಜಿಸ್ಟರ್ ಮದುವೆ ಆಗೋಣ, ತೋಟ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಡೋಣ, ನೀವು ಶಿವಮೊಗ್ಗಕ್ಕೆ ಬನ್ನಿ, ಈ ವಯಸ್ಸಲ್ಲಿ ಕಾಡಿನಲ್ಲಿ ಒಬ್ಬರೇ ಯಾಕಿರಬೇಕು.

ಅಕ್ಕ ನನ್ನ ಹತ್ತಿರ ಬಂದದ್ದು ಮೇ ಕೊನೆಯಲ್ಲಿ. ಮಳೆ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ ಕೊಳ್ಳಲು ಪೇಟೆಗೆ ಬಂದಿದ್ದರು. "ಆಗಬೇಕಾ, ಬೇಡ್ವಾ? ಎಲೆ ಎಂತ ಹೇಳುತ್ತೆ ನೋಡು" ಎಂದರು.

ಹೌದು–ಅಲ್ಲ ಎಂಬ ಪ್ರಶ್ನೆಗೆ ನಾನು ಕಾರ್ಡ್ ತೆಗೆಯುವುದಿಲ್ಲ. ಟ್ಯಾರೋ ನಾಳೆಯನ್ನು ತೋರಿಸುತ್ತದೆ ಎಂದು ನಂಬುವವಳೂ ನಾನಲ್ಲ. ಹದಿನೈದನೇ ಶತಮಾನದ ಉತ್ತರ ಇಟಲಿಯಲ್ಲಿ ಇದು ಶುದ್ಧ ಇಸ್ಪೀಟಾಟ. ಈಜಿಪ್ಟಿನ ಪುರಾತನ ಜ್ಞಾನ ಇದರೊಳಗಿದೆ ಎಂದು ಕೂರ್ ದ ಜೆಬೆಲಾನ್ ಎಂಬ ಫ್ರೆಂಚ್ ಪಂಡಿತ 1781ರಲ್ಲಿ ಬರೆದ, ಕಣಿ ಹೇಳುವ ರೂಢಿ ಹಬ್ಬಿದ್ದು ಆ ಕಾಲದಿಂದೀಚೆಗೆ. ಈಜಿಪ್ಟಿನ ಮಾತಿಗೆ ಆಧಾರವಿಲ್ಲ. ಆದರೂ ಒಳ್ಳೆಯ ಚಿತ್ರವೊಂದನ್ನು ಎದುರಿಗಿಟ್ಟರೆ ಜನ ಸುಮ್ಮನೆ ಕೂತಾಗ ಹೇಳದ್ದನ್ನು ಹೇಳುತ್ತಾರೆ. ನನ್ನ ಕಸುಬು ನಿಂತಿರುವುದು ಅಷ್ಟರ ಮೇಲೆ.

ಹಾಗಾಗಿ ಪ್ರಶ್ನೆಯನ್ನು ಎರಡು ಜಾಗವಾಗಿ ಒಡೆದೆವು. ಎಡಗಡೆಯ ಕಾರ್ಡ್: ಮೇಷ್ಟ್ರ ಮಾತಿನ ಜೊತೆ ಬಾಗಿಲಿಗೆ ಬಂದಿರುವುದು ಏನು. ಬಲಗಡೆಯದು: ತೀರ್ಮಾನ ಏನೇ ಆಗಲಿ, ಕೈಬಿಡಬಾರದ್ದು ಏನು. ಜಾಗದ ಅರ್ಥವನ್ನು ಕಾರ್ಡ್ ಎತ್ತುವ ಮೊದಲೇ ಗಟ್ಟಿಮಾಡಿಕೊಳ್ಳಬೇಕು. ಬಿದ್ದ ಮೇಲೆ ಹೊಂದಿಸುತ್ತ ಕೂತರೆ ಯಾವ ಎಲೆಯಿಂದಲೂ ಯಾವ ಮಾತನ್ನಾದರೂ ಹೊರಡಿಸಬಹುದು.

ಎಡಕ್ಕೆ ಟೂ ಆಫ್ ಕಪ್ಸ್ ಬಂತು, ಎರಡು ಬಟ್ಟಲಿನ ಕಾರ್ಡ್. ಬಲಕ್ಕೆ ಹರ್ಮಿಟ್, ಒಂಟಿ ವಿರಕ್ತ. ಎರಡೂ ನೆಟ್ಟಗೆ, ತಲೆಕೆಳಗಾಗದೆ.

ಜೋಡಿಯ ಬಗ್ಗೆ ಪ್ರಶ್ನೆ ಕೇಳಿದವರಿಗೆ ಒಂದು ಜೋಡಿಯೂ ಒಬ್ಬ ಒಂಟಿ ಮುದುಕನೂ ಒಟ್ಟಿಗೆ ಬಂದರೆ ಮೈ ಜುಮ್ಮೆನ್ನುವುದು ಸಹಜ. ಅಕ್ಕನೂ ಬಾಯಿ ಮೇಲೆ ಕೈಯಿಟ್ಟುಕೊಂಡರು. ಲೆಕ್ಕ ಹೇಳಿದೆ: 78 ಕಾರ್ಡಿನಲ್ಲಿ ಎರಡನ್ನು ಎತ್ತಿದರೆ 3003 ಜೋಡಿಗಳು ಸಾಧ್ಯ, ಪ್ರತಿಯೊಂದಕ್ಕೂ ಅವಕಾಶ ಒಂದೇ ಸಮ. ಬೇರೆ ಯಾವ ಜೋಡಿ ಬಂದಿದ್ದರೂ ಅದೂ ಇಷ್ಟೇ ಅಪರೂಪದ್ದಾಗಿರುತ್ತಿತ್ತು. ಅವರು ತಲೆಯಾಡಿಸಿದರು, ನಂಬಿದಂತೆ ಕಾಣಲಿಲ್ಲ.

ನಾನು ಬಳಸುವುದು ರೈಡರ್–ವೇಟ್ ಕಟ್ಟು. 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು, ಗೂಢವಿದ್ಯೆಯ ಲೇಖಕ ಆರ್ಥರ್ ಎಡ್ವರ್ಡ್ ವೇಟ್ ಹೇಳಿ ಬರೆಸಿದ್ದು, ಪಮೇಲಾ ಕೋಲ್ಮನ್ ಸ್ಮಿತ್ ಬಿಡಿಸಿದ್ದು. ಚಿತ್ರ ಬರೆದ ಹೆಂಗಸಿನ ಹೆಸರು ಪೆಟ್ಟಿಗೆ ಮೇಲೆ ಬರಲು ಎಷ್ಟೋ ದಶಕ ಬೇಕಾಯಿತು ಎಂಬುದು ಬೇರೆಯೇ ಕತೆ. ಟೂ ಆಫ್ ಕಪ್ಸ್‌ನಲ್ಲಿ ಗಂಡು, ಹೆಣ್ಣು ಎದುರುಬದುರು ನಿಂತಿದ್ದಾರೆ, ಇಬ್ಬರ ಕೈಯಲ್ಲೂ ಒಂದೊಂದು ಬಟ್ಟಲು. ನಡುವೆ ಎರಡು ಹಾವು ಹೆಣೆದುಕೊಂಡ ದಂಡ, ಅದರ ತುದಿಯಲ್ಲಿ ರೆಕ್ಕೆಯಿರುವ ಸಿಂಹದ ತಲೆ. ದೂರದ ಗುಡ್ಡದ ಮೇಲೆ ಒಂದು ಮನೆ.

ನಾನು ಬಾಯಿಬಿಡುವ ಮೊದಲೇ ಅಕ್ಕ ದಂಡದ ಮೇಲೆ ಬೆರಳಿಟ್ಟರು. "ಇದು ನಾಗರಕಲ್ಲಲ್ವಾ? ನಾಗದೋಷ ಅಂತೆಲ್ಲ ಶುರುಮಾಡ್ಬೇಡ ಮತ್ತೆ."

ಅಶ್ವತ್ಥಕಟ್ಟೆಯ ಮೇಲೆ ಹೆಣೆದುಕೊಂಡ ಹಾವುಗಳ ಕಲ್ಲು ನೋಡುತ್ತ ಬೆಳೆದ ಕಣ್ಣಿಗೆ ಹಾಗೆ ಕಾಣದೆ ಇನ್ನು ಹೇಗೆ ಕಾಣಬೇಕು. ಆದರೆ ಇದು ಗ್ರೀಕರ ಹರ್ಮಿಸ್‌ನ ದಂಡ. ಆತ ದೂತ, ವ್ಯಾಪಾರಿಗಳ ದೇವರು, ದಾರಿಹೋಕರ ದೇವರು. ರೋಮನ್ನರಿಗೆ ಅವನೇ ಮರ್ಕ್ಯುರಿ, ಗ್ರಹದ ಲೆಕ್ಕದಲ್ಲಿ ನಮ್ಮ ಬುಧ. ಇದನ್ನು ವಿವರಿಸಿ ಮುಂದಕ್ಕೆ ಹೋದೆ. ಅಕ್ಕ ಮರೆಯಲಿಲ್ಲ, ಆಮೇಲೆ ಅದು ಕೆಲಸಕ್ಕೆ ಬಂತು.

ಆಮೇಲೆ ಅವರು ಗಮನಿಸಿದ್ದು ಕೈಗಳನ್ನು. ಗಂಡಸು ಒಂದು ಹೆಜ್ಜೆ ಮುಂದಿಟ್ಟು ಹೆಂಗಸಿನ ಬಟ್ಟಲ ಕಡೆಗೆ ಕೈ ಚಾಚಿದ್ದಾನೆ. ಹೆಂಗಸು ತನ್ನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾಳೆ. "ನೋಡು, ಅವನು ಕೇಳ್ತಿದಾನೆ. ಅವಳು ಇಲ್ಲ ಅಂತ ಹೇಳಿಲ್ಲ, ಬಿಟ್ಟೂ ಇಲ್ಲ." ಇದನ್ನು ಪ್ರೇಮದ ಕಾರ್ಡೆಂದು ಓದುವವರು ಸಾಮಾನ್ಯವಾಗಿ ಕೊಟ್ಟು–ತೆಗೆದುಕೊಳ್ಳುವುದು ಮುಗಿದೇಹೋಗಿದೆ ಎಂಬಂತೆ ಮಾತಾಡುತ್ತಾರೆ. ಚಿತ್ರದಲ್ಲಿ ಮುಗಿದಿಲ್ಲ. ಅಕ್ಕನ ಕಣ್ಣು ಪುಸ್ತಕದ ಅರ್ಥಕ್ಕಿಂತ ಚೆನ್ನಾಗಿ ಓದಿತು ಎಂದೇ ನನ್ನ ಅಭಿಪ್ರಾಯ.

ಹರ್ಮಿಟ್ ಒಂಬತ್ತನೇ ಕಾರ್ಡ್. ಹಿಮದ ತುದಿಯಲ್ಲಿ ಬೂದು ನಿಲುವಂಗಿ ತೊಟ್ಟ ಗಡ್ಡದ ಮುದುಕ, ಒಂದು ಕೈಯಲ್ಲಿ ಊರುಗೋಲು, ಎತ್ತಿ ಹಿಡಿದ ಇನ್ನೊಂದು ಕೈಯಲ್ಲಿ ಲಾಂದ್ರ. ಲಾಂದ್ರದೊಳಗೆ ಆರು ಮೂಲೆಯ ನಕ್ಷತ್ರ. ಹದಿನೈದನೇ ಶತಮಾನದ ಇಟಲಿಯ ಕೈಯಿಂದ ಬಿಡಿಸಿದ ಕಟ್ಟುಗಳಲ್ಲಿ ಈತನ ಕೈಯಲ್ಲಿದ್ದದ್ದು ಮರಳುಗಡಿಯಾರ, ಆಗ ಈತ ಕಾಲಪುರುಷ. ಗಡಿಯಾರ ಹೋಗಿ ದೀಪ ಬಂದ ಮೇಲೆ ಮುದುಕನ ಅರ್ಥವೂ ಬದಲಾಯಿತು.

"ಇವ ನಮ್ಮ ಅಪ್ಪಯ್ಯ" ಎಂದು ಅಕ್ಕ ನಕ್ಕೇಬಿಟ್ಟರು. "ಕಂಬಳಿಕೊಪ್ಪೆ ಹಾಕ್ಕೊಂಡು, ಲಾಟೀನು ಹಿಡ್ಕೊಂಡು ತೋಟಕ್ಕೆ ಹೊರಟ ಹಾಗೇ ಇದಾನೆ. ಹಂದಿ ಬಂತಾ ನೋಡ್ಲಿಕ್ಕೆ." ಸ್ವಲ್ಪ ಹೊತ್ತು ಬಿಟ್ಟು, "ಈಗ ಹೋಗೋಳು ನಾನೇ. ಟಾರ್ಚು ಅಷ್ಟೆ."

ಜೋಡಿಯ ಪ್ರಶ್ನೆ ಕೇಳಿದವರು ಈ ಎರಡು ಚಿತ್ರ ಕಂಡರೆ ತಮ್ಮನ್ನು ಬಟ್ಟಲು ಹಿಡಿದ ಹೆಣ್ಣಿನಲ್ಲೋ ಗಂಡಿನಲ್ಲೋ ಗುರುತಿಸಿಕೊಳ್ಳುವುದು ಹೆಚ್ಚು. ಅಕ್ಕ ತಮ್ಮನ್ನು ಮುದುಕನಲ್ಲಿ ಕಂಡರು. ಆ ಟಾರ್ಚಿನ ಬಗ್ಗೆ ಇನ್ನಷ್ಟು ಹೇಳಿ ಎಂದೆ.

ಅವರು ಹೇಳಿದ್ದನ್ನು ಆದಷ್ಟು ಅವರ ಮಾತಲ್ಲೇ ಇಡುತ್ತೇನೆ. "ಆಟಿ ತಿಂಗಳಲ್ಲಿ ಕರೆಂಟು ಹೋದ್ರೆ ಮೂರು ದಿನ ಇಲ್ಲ. ಬಚ್ಚಲೊಲೆಗೆ ಬೆಂಕಿ ಹಾಕಿ, ಸ್ನಾನ ಮಾಡಿ, ಗಂಜಿ ಕುಡ್ದು ಕೂತ್ರೆ ಹೆಂಚಿನ ಮೇಲೆ ಮಳೆ ಒಂದೇ. ಮಾತಿಲ್ಲ ಕತೆಯಿಲ್ಲ. ಅವರಿದ್ದಾಗ ಮಳೆಗಾಲ ಅಂದ್ರೆ ನಂಗೆ ಬರೀ ಅಡುಗೆ, ಬಟ್ಟೆ ಒಣಗ್ಸೋದು. ಈಗ ಗೊತ್ತಾಗುತ್ತೆ ಮಳೆ ಎಂತದು ಅಂತ. ನಂಗೆ ಆಗ ಯಾರೂ ಬೇಡ." ಕೊಳೆರೋಗ ಬಾರದಂತೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕವನ್ನೂ ಹೇಳಿದರು: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಗಂಡ ಇದ್ದಾಗ ಅದು ತಮಗೆ ಗೊತ್ತೇ ಇರಲಿಲ್ಲ, ಈಗ ನಿದ್ದೆಗಣ್ಣಲ್ಲೂ ಹೇಳುತ್ತೇನೆ ಎಂದರು.

ಹಾಗಾದರೆ ಜೊತೆ ಬೇಕೆನಿಸುವುದು ಯಾವಾಗ? ಇದಕ್ಕೆ ಅವರು ತಡಮಾಡಿ ಉತ್ತರಿಸಿದರು. ಕಾಯಿಲೆ ಬಿದ್ದಾಗ ಎನ್ನುತ್ತಾರೆಂದುಕೊಂಡಿದ್ದೆ. ಅವರು ಹೇಳಿದ್ದು ಕೊಯ್ಲಿನ ಕಾಲ. ಗೊನೆ ಇಳಿಸುವ ಕೊನೆಗಾರರು, ಸುಲಿಯುವ ಹೆಂಗಸರು, ಬೇಯಿಸುವ ಹಂಡೆಯ ಸುತ್ತ ಗಲಾಟೆ, ಅಂಗಳದ ತುಂಬ ಜನ. ರಾತ್ರಿ ಎಲ್ಲ ಹೋದ ಮೇಲೆ ಇವತ್ತು ಎಷ್ಟಾಯಿತು, ರಾಶಿ ಅಡಿಕೆಗೆ ಎಷ್ಟಿದೆ ರೇಟು, ಈಗ ಬಿಡುವುದಾ ತಡೆಯುವುದಾ ಎಂದು ಎದುರಿಗೆ ಕೂತು ಮಾತಾಡಲು ಒಬ್ಬರಿಲ್ಲ. "ಆವಾಗ ಒಬ್ಳೇ ಅನ್ಸುತ್ತೆ. ಮಳೇಲಿ ಅನ್ಸಲ್ಲ."

ನನ್ನ ಮಟ್ಟಿಗೆ ಪ್ರಕರಣದ ಗಂಟು ಇಲ್ಲಿ ಬಿಚ್ಚಿತು. ಮೇಷ್ಟ್ರು ಕೊಡುತ್ತೇನೆ ಎನ್ನುತ್ತಿರುವುದು ವರ್ಷವಿಡೀ ಜೊತೆ. ಅಕ್ಕನಿಗೆ ಬೇಕಾದದ್ದು ವರ್ಷದ ಒಂದು ಭಾಗಕ್ಕೆ, ಅದೂ ಒಂದು ಬಗೆಯ ಮಾತಿಗೆ. ಮತ್ತು ತೋಟ ಚೇಣಿಗೆ ಹೋದರೆ ಆ ಮಾತಿನ ವಿಷಯವೇ ಕೈಬಿಟ್ಟುಹೋಗುತ್ತದೆ!

ಈಗ ಎರಡನ್ನೂ ಕೂಡಿಸಿ ಓದುವ ಕೆಲಸ. ಟ್ಯಾರೋದಲ್ಲಿ 22 ಮೇಜರ್, ಅಂದರೆ ದೊಡ್ಡ ಕಾರ್ಡ್, 56 ಮೈನರ್, ಅಂದರೆ ಚಿಕ್ಕವು. ಹರ್ಮಿಟ್ ಮೇಜರ್, ಟೂ ಆಫ್ ಕಪ್ಸ್ ಮೈನರ್. ಇಂಥ ಜೋಡಿಯಲ್ಲಿ ತೂಕ ಮೇಜರಿನ ಕಡೆಗೆ: ಅಕ್ಕನ ಬದುಕಿನ ಕಟ್ಟೋಣ ಒಬ್ಬರೇ ಇರುವುದರ ಮೇಲೆ ನಿಂತಿದೆ, ಮೇಷ್ಟ್ರ ಮಾತು ಅದರೊಳಗೆ ಬಂದ ಒಂದು ಸಂದರ್ಭ. ಟೂ ಆಫ್ ಕಪ್ಸ್ ಜಾಗದಲ್ಲಿ ಆರನೇ ಮೇಜರ್ ಕಾರ್ಡ್ ಲವರ್ಸ್ ಬಂದಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ. ಅಲ್ಲಿ ತಲೆಯ ಮೇಲೆ ದೇವದೂತನಿದ್ದಾನೆ, ಬದುಕು ಮಗ್ಗುಲು ಬದಲಿಸುವ ಆಯ್ಕೆ ಅದು. ಫ್ರಾನ್ಸಿನ ಹಳೆಯ ಮಾರ್ಸೇಲ್ ಕಟ್ಟಿನಲ್ಲಂತೂ ಒಬ್ಬ ಹುಡುಗ ಇಬ್ಬರು ಹೆಂಗಸರ ನಡುವೆ ಸಿಕ್ಕಿಬಿದ್ದಿರುತ್ತಾನೆ. ಇಲ್ಲಿ ಬಂದದ್ದು ಇಬ್ಬರು ಮನುಷ್ಯರು, ಎರಡು ಬಟ್ಟಲು, ಸಮ ಎತ್ತರ.

ದಿಕ್ಕನ್ನೂ ನೋಡಬೇಕು. ಹರ್ಮಿಟ್ ನಮ್ಮ ಎಡಕ್ಕೆ ಮುಖ ಮಾಡಿ ನಿಂತಿದ್ದಾನೆ. ಅವನು ಬಲಕ್ಕೆ ಬಿದ್ದದ್ದರಿಂದ ದೀಪ ಜೋಡಿಯ ಕಡೆಗಿದೆ. ಜೋಡಿಯಲ್ಲಿ ಹೆಂಗಸು ನಿಂತಿರುವುದು ಬಲಗಡೆ, ಅಂದರೆ ಮುದುಕ ಸರಿಯಾಗಿ ಅವಳ ಬೆನ್ನ ಹಿಂದೆ, ಭುಜದ ಮೇಲಿಂದ ಗಂಡಸಿನ ಮುಖಕ್ಕೆ ಬೆಳಕು ಹಿಡಿದಂತೆ. ಕಾರ್ಡುಗಳು ಅದಲುಬದಲಾಗಿ ಬಿದ್ದಿದ್ದರೆ ಆತ ಜೋಡಿಗೆ ಬೆನ್ನು ತಿರುಗಿಸಿ ಹೊರಗೆ ನೋಡುತ್ತಿದ್ದ, ನಾನು ಬೇರೆಯೇ ಮಾತು ಹೇಳುತ್ತಿದ್ದೆ. ಈ ಕಾರ್ಡಿನ ದೀಪದ ಬಗ್ಗೆ ವೇಟ್ ಬರೆದದ್ದೂ ಇದಕ್ಕೆ ಹೊಂದುತ್ತದೆ: ನಾನಿರುವಲ್ಲಿಗೆ ನೀವೂ ಬರಬಹುದು ಎಂದು ಆ ಬೆಳಕು ಸೂಚಿಸುತ್ತದಂತೆ. ಅದೇ ವೇಟ್ ಫಲಗಳ ಪಟ್ಟಿಯಲ್ಲಿ ಎಚ್ಚರಿಕೆಯ ಜೊತೆಗೆ ವಂಚನೆ, ಮರೆಮಾಚುವಿಕೆಯನ್ನೂ ಸೇರಿಸಿದ್ದಾನೆ. ಅಕ್ಕನಿಗೆ ಅದನ್ನೂ ಹೇಳಿದೆ. "ವಂಚನೆ ಗಿಂಚನೆ ಮೇಷ್ಟ್ರ ಹತ್ರ ಇಲ್ಲ. ಎಚ್ಚರಿಕೆ ನಂಗೇ ಬೇಕಾದ್ದು" ಎಂದರು.

ಅಕ್ಕ ಫೋನಿನಲ್ಲಿ ಎರಡೂ ಕಾರ್ಡಿನ ಫೋಟೋ ತೆಗೆದು ಮಗಳಿಗೆ ಕಳಿಸಿದರು. ಅರ್ಧ ಗಂಟೆಯಲ್ಲಿ ಮಗಳ ಫೋನು. ಅವಳು ಎಲ್ಲೋ ಹುಡುಕಿ ಓದಿದ್ದಳು: ಎಡದಿಂದ ಬಲಕ್ಕೆ ಓದಿದರೆ ಮೊದಲು ಕೂಡುವುದು, ಆಮೇಲೆ ಒಂಟಿಯಾಗುವುದು, ಅಂದರೆ ಈ ಸಂಬಂಧ ಮುರಿಯುತ್ತದೆ, ಬೇಡಮ್ಮಾ. ಇದು ಬಹಳ ಚಾಲ್ತಿಯಲ್ಲಿರುವ ಓದು, ಬಹಳ ಸೋಮಾರಿ ಓದೂ ಹೌದು. ಕಾಲದ ಸಾಲಿನಲ್ಲೇ ಓದುವುದಾದರೆ ಕೂಡಿದ್ದೂ ಒಂಟಿಯಾದದ್ದೂ ಅಕ್ಕನ ಬಾಳಿನಲ್ಲಿ ಆಗಲೇ ನಡೆದುಹೋಗಿದೆ. ಗಂಡ, ಆಮೇಲೆ ಈ ವರ್ಷಗಳು. ಅದನ್ನೇ ಮುಂದಕ್ಕೆ ತಳ್ಳಿ ಭವಿಷ್ಯ ಮಾಡಬೇಕಾದ ಕಾರಣವಿಲ್ಲ. ಅದಕ್ಕಿಂತ ಮುಖ್ಯವಾಗಿ, ನಾವು ಇಟ್ಟುಕೊಂಡ ಜಾಗಗಳಿಗೆ ಹಿಂದು–ಮುಂದು ಎಂಬ ಅರ್ಥವೇ ಇರಲಿಲ್ಲ.

ಆಮೇಲೆ ನಡೆದ ಚರ್ಚೆಯಲ್ಲಿ ಅಕ್ಕನದೇ ಮೇಲುಗೈ. 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಎಂಬ ಗೂಢ ಸಂಘದವರು ಕಾರ್ಡುಗಳಿಗೆ ರಾಶಿ, ಗ್ರಹಗಳನ್ನೂ ಬೆಂಕಿ, ನೀರು, ಗಾಳಿ, ಮಣ್ಣೆಂಬ ಮೂಲಭೂತಗಳನ್ನೂ ಹಂಚಿದ್ದಾರೆ. ಹರ್ಮಿಟ್‌ಗೆ ಕನ್ಯಾ, ಅದು ಮಣ್ಣು. ಟೂ ಆಫ್ ಕಪ್ಸ್‌ಗೆ ಕರ್ಕಾಟಕದಲ್ಲಿನ ಶುಕ್ರ, ಅದು ನೀರು. ಅವರ ಲೆಕ್ಕದಲ್ಲಿ ಬೆಂಕಿ–ನೀರು ವೈರಿಗಳು, ಗಾಳಿ–ಮಣ್ಣು ವೈರಿಗಳು, ನೀರು–ಮಣ್ಣು ಸ್ನೇಹಿತರು. ಅಂದರೆ ಪಕ್ಕಪಕ್ಕ ಬಿದ್ದಾಗ ಈ ಎರಡು ಕಾರ್ಡು ಒಂದನ್ನೊಂದು ಕೆಡಿಸುವುದಿಲ್ಲ.

ಪಂಚಾಂಗ ಗೋಡೆಗೆ ನೇತುಬಿದ್ದ ಮನೆಯಲ್ಲಿ ಬೆಳೆದ ಹೆಂಗಸು ತಟ್ಟನೆ ಕೇಳಿದರು: "ಶುಕ್ರ ಕನ್ಯೆಯಲ್ಲಿ ನೀಚ ಅಲ್ವಾ?"

ಹೌದು, ನಮ್ಮ ಜ್ಯೋತಿಷದಲ್ಲೂ ಪಾಶ್ಚಾತ್ಯರದರಲ್ಲೂ. ಆದರೆ ಇಲ್ಲಿ ಶುಕ್ರ ಕನ್ಯೆಯಲ್ಲಿ ಕೂತಿಲ್ಲ, ಎರಡೂ ಬೇರೆ ಬೇರೆ ಕಾರ್ಡಿನಲ್ಲಿವೆ. ಜಾತಕವನ್ನು ಟ್ಯಾರೋದೊಳಗೆ ತುರುಕುವುದು ನನಗೆ ಇಷ್ಟವೂ ಇಲ್ಲ, ಇವು ಬೇರೆ ಬೇರೆ ಮನೆಯ ಸರಕು. ಇದನ್ನು ಹೇಳುತ್ತಿದ್ದಂತೆ ಅಕ್ಕ ಇನ್ನೊಂದು ಹೆಜ್ಜೆ ಮುಂದೆ ಹೋದರು. "ಕನ್ಯೆಗೆ ಅಧಿಪತಿ ಬುಧ. ಉಚ್ಚನಾಗೋದೂ ಅಲ್ಲೇ. ಆ ಹಾವಿನ ದಂಡ ಬುಧಂದು ಅಂತ ನೀನೇ ಹೇಳಿದ್ಯಲ್ಲ?"

ಎರಡೂ ಕಾರ್ಡಿನಲ್ಲಿ ಒಬ್ಬನೇ ಕೂತಿದ್ದ! ಬಟ್ಟಲುಗಳ ನಡುವೆ ದಂಡವಾಗಿ, ಮುದುಕನ ರಾಶಿಗೆ ಒಡೆಯನಾಗಿ. ಬುಧ ಎಂದರೆ ಮಾತು, ಲೆಕ್ಕ, ವ್ಯಾಪಾರ. ಶುಕ್ರನ ಕಾರ್ಡಿನ ನಟ್ಟನಡುವೆ ವ್ಯಾಪಾರದ ದೇವರ ಕೋಲು ನೆಟ್ಟಿರುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೆ. ಹರ್ಮಿಟ್ ಪಕ್ಕದಲ್ಲಿಟ್ಟು ಹೀಗೆ ಪೋಣಿಸಿದ್ದು ಅಕ್ಕ. "ಹಂಗಾದ್ರೆ ಕೂತು ಲೆಕ್ಕ ಮಾತಾಡ್ಬೇಕು ಅಂತಾಯ್ತು. ಆಗ್ಬೇಕಾ ಬೇಡ್ವಾ ಅಲ್ಲ, ಯಾವ ಕರಾರಿಗೆ ಅಂತ."

ಓದನ್ನು ನಾನು ಅಲ್ಲಿಗೇ ನಿಲ್ಲಿಸಿದೆ. ಉಳಿದದ್ದು ಒಂದೇ ಪ್ರಶ್ನೆ: ಹರ್ಮಿಟ್ ನೀವಾದರೆ, ಮೇಷ್ಟ್ರು ಒಬ್ಬರೇ ಇದ್ದಾಗ ಹೇಗಿರುತ್ತಾರೆ? ಅಕ್ಕನಿಗೆ ಗೊತ್ತಿತ್ತು, ಆದರೆ ಯೋಚಿಸಿರಲಿಲ್ಲ. ಮೇಷ್ಟ್ರ ಮನೆಯಲ್ಲಿ ಟಿವಿ ಬೆಳಿಗ್ಗೆಯಿಂದ ರಾತ್ರಿಯವರೆಗೂ ಓಡುತ್ತಿರುತ್ತದೆ, ಯಾರೂ ನೋಡದಿದ್ದರೂ. ಸಂಜೆ ಯಾರದಾದರೂ ಮನೆಗೆ ಹೋಗದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಒಬ್ಬರಿಗೆ ಒಬ್ಬರೇ ಇರುವುದೆಂದರೆ ಗಳಿಸಿಕೊಂಡದ್ದು, ಇನ್ನೊಬ್ಬರಿಗೆ ಮೈಮೇಲೆ ಬಿದ್ದದ್ದು. ಇಬ್ಬರೂ ಹಿಡಿದ ಬಟ್ಟಲಿನ ಅಳತೆ ಒಂದೇ, ಒಳಗಿರುವುದು ಬೇರೆ. ನನ್ನ ಅನುಭವದಲ್ಲಿ ತಡವಾಗಿ ಕೂಡುವ ಜೋಡಿಗಳು ಎಡವುವುದು ಇದರಲ್ಲೇ. ಪ್ರೀತಿ ಸಾಲದೆ ಎಡವಿದವರನ್ನು ನಾನು ಕಂಡದ್ದು ಕಡಿಮೆ.

ಆಸ್ತಿಯ ಮಾತೂ ಬಂತು. ಮಗನ ಅಳುಕು ತೋಟದ್ದು. ಇದು ಕಾರ್ಡಿಗೆ ಕೇಳುವ ವಿಷಯವಲ್ಲ, ವಕೀಲರ ಹತ್ತಿರ ಹೋಗಿ ಎಂದೆ, ಮತ್ತು ಇಷ್ಟನ್ನು ಹೇಳಿದೆ: ಅವನ ಅಳುಕು ಪೂರ್ತಿ ಹುರುಳಿಲ್ಲದ್ದಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಪ್ರಕಾರ ಹೆಂಗಸು ಉಯಿಲು ಬರೆಯದೆ ತೀರಿಕೊಂಡರೆ ಮಕ್ಕಳ ಜೊತೆಗೆ ಗಂಡನೂ ವಾರಸುದಾರನಾಗುತ್ತಾನೆ. ಇಬ್ಬರು ಸಾಕ್ಷಿಗಳ ಸಹಿಯಿರುವ ಉಯಿಲು ಬರೆದಿಟ್ಟರೆ ತಮ್ಮ ಪಾಲು ಯಾರಿಗೆ ಎಂಬುದನ್ನು ಅಕ್ಕನೇ ನಿರ್ಧರಿಸಬಹುದು. ಗ್ರಹಶಾಂತಿ ಮಾಡಿಸಿ ಎನ್ನುವುದಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಈ ಕಸುಬಿನವರು ಇಂಥ ಮಾತು ಹೇಳಲು ಹಿಂಜರಿಯುತ್ತಾರೆ, ಯಾಕೋ.

ಮುಂದಿನದು ಅಕ್ಕ ಫೋನಿನಲ್ಲಿ ಹೇಳಿದ್ದು. ಅವರು ಮೇಷ್ಟ್ರಿಗೆ ಕರಾರು ಹೇಳಿದರು: ತೋಟ ಚೇಣಿಗೆ ಕೊಡುವುದಿಲ್ಲ, ಮಳೆಗಾಲ ಪೂರ್ತಿ ನಾನು ನನ್ನ ಮನೆಯಲ್ಲೇ ಒಬ್ಬಳೇ ಇರುತ್ತೇನೆ, ಉಳಿದ ತಿಂಗಳು ಹೇಗೆಂದು ಮಾತಾಡೋಣ. ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಮಳೆಗಾಲಕ್ಕೆ ನಾನೇ ಅಲ್ಲಿಗೆ ಬರುತ್ತೇನಲ್ಲ ಎಂದರು. ಬೇಡ ಎಂದರು ಅಕ್ಕ. ಅದು ಬೇಸರಕ್ಕೆ ತಿರುಗಿತು. ಆಷಾಢ, ಶ್ರಾವಣ ಎರಡೂ ಮಾತಿಲ್ಲದೆ ಕಳೆದವು. ಅಷ್ಟರಲ್ಲಿ ಊರಿನವರಿಗೂ ಸುದ್ದಿ ಮುಟ್ಟಿ, ಮೈದುನನ ಹೆಂಡತಿ ಬಂದು ಈ ವಯಸ್ಸಲ್ಲಿ ಇದೆಲ್ಲ ಬೇಕಾ ಎಂದು ಬುದ್ಧಿ ಹೇಳಿ, ಕಾಫಿ ಕುಡಿದು ಹೋದರು.

ದೀಪಾವಳಿ ಕಳೆದ ಮೇಲೆ ಮೊದಲ ಕೊಯ್ಲಿಗೆ ಮೇಷ್ಟ್ರು ಬಂದರು. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಹೊಸ ಲೆಕ್ಕದ ಪುಸ್ತಕ. ಜಗಲಿಯ ಪಕ್ಕದ ಕೋಣೆಯಲ್ಲಿ ಉಳಿದುಕೊಂಡು ಆಳುಗಳ ಲೆಕ್ಕ ಬರೆದರು. ರಾತ್ರಿ ರಾಶಿ ಅಡಿಕೆಯ ರೇಟಿನ ಮೇಲೆ ಇಬ್ಬರಿಗೂ ಜಗಳವಾಯಿತಂತೆ: ಮೇಷ್ಟ್ರಿಗೆ ಆಗಲೇ ಮಾರಬೇಕು, ಅಕ್ಕನಿಗೆ ತಡೆಯಬೇಕು. ಅಕ್ಕ ತಡೆದರು. ಉಯಿಲು ಬರೆಸಿ ಆಗಿದೆ. ಮದುವೆಯ ಮಾತು ಹಾಗೇ ಉಳಿದಿದೆ. ಮುಂದಿನ ಮಳೆಗಾಲದ ವಿಷಯವನ್ನು ಮೇಷ್ಟ್ರು ಇನ್ನೂ ಒಪ್ಪಿಲ್ಲ.

ಇನ್ನೊಂದು ಸಲ ಕಾರ್ಡ್ ತೆಗೆಯೋಣವಾ ಎಂದು ಕೇಳಿದೆ.

"ನಂಗೆಂತಕ್ಕೆ? ನನ್ನ ಪ್ರಶ್ನೆ ಮುಗೀತು" ಎಂದರು ಅಕ್ಕ. "ಈಗಿರೋದು ಅವರ ಪ್ರಶ್ನೆ. ಅವರನ್ನೇ ಕಳಿಸ್ತೇನೆ."

ಮೇಷ್ಟ್ರು ಬಂದಿಲ್ಲ. ಇಸ್ಪೀಟು ಎಲೆ ನೋಡಿ ಬಾಳು ಮಾಡೋರು ನಾವಲ್ಲ ಎಂದರಂತೆ.